ಒಂದು ಫೋನು, ಹಲವು ದಾರಿ: ಆಯ್ಕೆಯ ಅಧಿಕಾರ ಯಾರ ಕೈಯಲ್ಲಿ?

(ಹುಬ್ಬಳ್ಳಿಯಲ್ಲಿ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಗೆಳೆಯರೇ,

ನಮ್ಮಲ್ಲಿ ಹೆಚ್ಚಿನವರ ಫೋನಿನಿಂದ ಅಂತರ್ಜಾಲಕ್ಕೆ ಹೋಗುವ ದಾರಿಗಳು ಈಗಾಗಲೇ ಮೂರಿವೆ. ಮೊದಲ ಸಿಮ್ ಒಂದು, ಎರಡನೇ ಸಿಮ್ ಇನ್ನೊಂದು, ಮನೆಯ ಅಥವಾ ಅಂಗಡಿಯ ವೈ-ಫೈ ಮತ್ತೊಂದು. ಆದರೂ ಸಾಮಾನ್ಯವಾಗಿ ಫೋನು ಒಂದು ಹೊತ್ತಿನಲ್ಲಿ ಒಂದೇ ದಾರಿ ಹಿಡಿಯುತ್ತದೆ, ಉಳಿದೆರಡು ಸುಮ್ಮನೆ ಕುಳಿತಿರುತ್ತವೆ. ಇದು ತಂತ್ರಜ್ಞಾನದ ಮಿತಿ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ವಾದ ಬೇರೆ. ಹಲವು ದಾರಿಗಳನ್ನು ಒಟ್ಟಿಗೆ ಹಿಡಿದುಕೊಂಡು, ಆ ಕ್ಷಣಕ್ಕೆ ಯಾವುದು ಚೆನ್ನಾಗಿದೆಯೋ ಅದರಲ್ಲಿ ಸಂದೇಶ ಕಳುಹಿಸುವ ವಿದ್ಯೆ ಸಿದ್ಧವಾಗಿ ಹತ್ತು ವರ್ಷಗಳ ಮೇಲಾಯಿತು. ಅದು ಇನ್ನೂ ಅಲ್ಲಲ್ಲಿ ಮಾತ್ರ ಕಾಣಿಸುತ್ತಿರುವುದಕ್ಕೆ ಮುಖ್ಯ ಕಾರಣ ನಂಬರು, ಸಿಮ್ ಮತ್ತು ರಿಚಾರ್ಜ್ ಎಂಬ ಮೂರು ಗೂಟಗಳು. ಮೊಬೈಲ್ ಕಂಪನಿಗಳ ವ್ಯಾಪಾರ ನಿಂತಿರುವುದೇ ಅವುಗಳ ಮೇಲೆ. ಒಂದೊಂದು ಗೂಟವೂ ಎಷ್ಟು ಗಟ್ಟಿಯಾಗಿದೆ ಎಂದು ನೋಡುವುದು ಇವತ್ತಿನ ಮಾತಿನ ಉದ್ದೇಶ.

ಮೊದಲು ಯಂತ್ರದ ಕಡೆಯಿಂದ ಬರೋಣ. ಧಾರವಾಡದ ಮನೆಯೊಂದರಲ್ಲಿ ವೈ-ಫೈ ಮೂಲಕ ದೊಡ್ಡ ಫೈಲೊಂದನ್ನು ಡೌನ್‌ಲೋಡ್ ಮಾಡುತ್ತಾ ಒಬ್ಬರು ಚಿಗರಿ ಬಸ್ಸಿನ ನಿಲ್ದಾಣದ ಕಡೆ ಹೊರಟರೆನ್ನಿ. ಗೇಟು ದಾಟುವಷ್ಟರಲ್ಲಿ ವೈ-ಫೈ ಕಡ್ಡಿ ಒಂದಕ್ಕೆ ಇಳಿದಿರುತ್ತದೆ. ಫೋನು ಅದನ್ನು ಬಿಡಲೊಲ್ಲದು, ಡೌನ್‌ಲೋಡ್ ಮುಂದಕ್ಕೆ ಹೋಗಲೊಲ್ಲದು. ಕೊನೆಗೆ ಫೋನು ಮೊಬೈಲ್ ಡೇಟಾಕ್ಕೆ ಬರುತ್ತದೆ, ಅಷ್ಟರಲ್ಲಿ ಹಳೆಯ ಸಂಪರ್ಕ ಸತ್ತಿರುತ್ತದೆ. ಇದರ ಕಾರಣ ಬಹಳ ಹಳೆಯದು. ಅಂತರ್ಜಾಲದ ಸಂಚಾರದ ಬಹುಪಾಲನ್ನು ದಶಕಗಳ ಕಾಲ ಹೊತ್ತುಕೊಂಡು ಬಂದ ಟಿಸಿಪಿ ಎಂಬ ನಿಯಮಾವಳಿಯ ಪ್ರಮಾಣಿತ ರೂಪ ಪ್ರಕಟವಾದದ್ದು 1981ರಲ್ಲಿ. ಆಗಿನ ಕಂಪ್ಯೂಟರ್ ಇಟ್ಟ ಕೋಣೆಯಿಂದ ಕದಲುತ್ತಿರಲಿಲ್ಲ. ಆದ್ದರಿಂದ ಈ ತುದಿಯ ಐಪಿ ವಿಳಾಸ (ಜಾಲದಲ್ಲಿ ಯಂತ್ರದ ಗುರುತಿನ ಸಂಖ್ಯೆ) ಮತ್ತು ಪೋರ್ಟ್ (ಆ ಯಂತ್ರದೊಳಗಿನ ಬಾಗಿಲಿನ ಸಂಖ್ಯೆ), ಆ ತುದಿಯ ಐಪಿ ವಿಳಾಸ ಮತ್ತು ಪೋರ್ಟ್ ಎಂಬ ನಾಲ್ಕು ಸಂಖ್ಯೆಗಳಿಂದಲೇ ಒಂದು ಸಂಪರ್ಕವನ್ನು ಗುರುತಿಸಿದರೆ ಸಾಕಾಗಿತ್ತು. ವೈ-ಫೈಯಿಂದ ಸಿಮ್‌ಗೆ ಬಂದ ಕೂಡಲೇ ಫೋನಿನ ಐಪಿ ವಿಳಾಸ ಬದಲಾಗುತ್ತದೆ, ನಾಲ್ಕರಲ್ಲಿ ಒಂದು ತಪ್ಪುತ್ತದೆ, ಅತ್ತಲಿನ ಸರ್ವರ್ ಇವರಾರೋ ಬೇರೆಯವರು ಎಂದುಕೊಳ್ಳುತ್ತದೆ.

ಮಲ್ಟಿಪಾತ್ ಟಿಸಿಪಿ ಇದನ್ನು ಸರಿಪಡಿಸಿತು. 2013ರ ಜನವರಿಯಲ್ಲಿ ಪ್ರಾಯೋಗಿಕ ರೂಪದಲ್ಲಿ ಪ್ರಕಟವಾದ ಇದು 2020ರ ಮಾರ್ಚ್‌ನಲ್ಲಿ ಪರಿಷ್ಕೃತ ರೂಪ ಪಡೆಯಿತು. ಇದರಲ್ಲಿ ಒಂದು ಸಂಪರ್ಕದ ಒಳಗೆ ಹಲವು ಉಪಸಂಪರ್ಕಗಳಿರುತ್ತವೆ. ಒಂದು ವೈ-ಫೈ ಮೇಲೆ ಹೋದರೆ ಇನ್ನೊಂದು ಸಿಮ್ ಮೇಲೆ ಹೋಗುತ್ತದೆ. ಎರಡೂ ಒಬ್ಬರವೇ ಎಂದು ತೋರಿಸುವ ಗುಟ್ಟಿನ ಗುರುತು ಎರಡೂ ತುದಿಯಲ್ಲಿರುತ್ತದೆ. ಯಾವ ದಾರಿಯಿಂದ ಬಂದ ತುಂಡನ್ನು ಎಲ್ಲಿ ಜೋಡಿಸಬೇಕು ಎಂಬುದಕ್ಕೆ ಬೇರೆಯೇ ಕ್ರಮಸಂಖ್ಯೆ ಇರುತ್ತದೆ. ಒಂದು ದಾರಿ ಕಡಿದರೆ ಇನ್ನೊಂದು ನಡೆಯುತ್ತಲೇ ಇರುತ್ತದೆ. ಇದನ್ನು ರೂಪಿಸಿದವರ ಒಂದು ಜಾಣತನವನ್ನು ಇಲ್ಲಿ ಹೇಳಲೇಬೇಕು. ಕಂಪನಿಗಳ ಜಾಲದ ನಡುವೆ ಕೂತಿರುವ ಹಲವು ಉಪಕರಣಗಳು ತಮಗೆ ಗೊತ್ತಿಲ್ಲದ ಗುರುತನ್ನು ಕಂಡರೆ ಕಿತ್ತು ಹಾಕುತ್ತವೆ. ಹಾಗಾದಾಗ ಸಂಪರ್ಕ ಬೀಳದೆ, ಸದ್ದಿಲ್ಲದೆ ಹಳೆಯ ಟಿಸಿಪಿಯಂತೆಯೇ ನಡೆಯುವ ಏರ್ಪಾಡನ್ನು ಅವರು ಮೊದಲೇ ಮಾಡಿಟ್ಟರು. ಜಾಲದ ಒಡೆಯರ ಒಪ್ಪಿಗೆಯನ್ನೇ ಕೇಳದೆ ಅವರ ಜಾಲದ ಮೇಲೆ ಹಾದುಹೋಗುವ ಉಪಾಯವಿದು.

2013ರಲ್ಲೇ ಆಪಲ್ ಕಂಪನಿ ತನ್ನ ಐಒಎಸ್ 7ರಲ್ಲಿ ಮಾತಿಗೆ ಉತ್ತರಿಸುವ ಸಿರಿ ಸೇವೆಗೆ ಇದನ್ನು ಅಳವಡಿಸಿತು, 2017ರಲ್ಲಿ ಬೇರೆ ಆ್ಯಪ್ ತಯಾರಕರಿಗೂ ತೆರೆದಿಟ್ಟಿತು. 2020ರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ 5.6ನೇ ಆವೃತ್ತಿಗೆ ಇದು ಸೇರಿತು. 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ಇನ್ನೊಂದು ನಿಯಮಾವಳಿ ಸಂಪರ್ಕಕ್ಕೆ ತನ್ನದೇ ಗುರುತಿನ ಸಂಖ್ಯೆ ಕೊಟ್ಟು, ವಿಳಾಸ ಬದಲಾದರೂ ಮಾತು ಮುಂದುವರಿಯುವಂತೆ ಮಾಡಿತು. ವೈ-ಫೈ ಮತ್ತು ಒಂದು ಸಿಮ್ ಕೂಡಿ ಕೆಲಸ ಮಾಡಲು ಇಂದಿನ ಫೋನುಗಳಲ್ಲಿ ಯಾವ ಅಡ್ಡಿಯೂ ಇಲ್ಲ. ಎರಡು ಸಿಮ್‌ಗಳ ಡೇಟಾವನ್ನು ಒಮ್ಮೆಲೇ ಬಳಸುವುದು ಮಾತ್ರ ಬೇರೆ ಮಾತು. ಅದಕ್ಕೆ ಫೋನಿನೊಳಗೆ ಇನ್ನೊಂದು ರೇಡಿಯೊ ಬೇಕು, ಬ್ಯಾಟರಿ ಬೇಗ ಇಳಿಯುತ್ತದೆ, ಬೆಲೆಯೂ ಏರುತ್ತದೆ. ಆದ್ದರಿಂದಲೇ ನಮ್ಮ ಎರಡು ಸಿಮ್ ಫೋನುಗಳಲ್ಲಿ ಹೆಚ್ಚಿನವು ಕರೆಗಾಗಿ ಎರಡನ್ನೂ ಕಾಯುತ್ತವೆ, ಡೇಟಾಕ್ಕೆ ಒಂದನ್ನೇ ಹಿಡಿಯುತ್ತವೆ.

ಹಲವು ದಾರಿಗಳು ನಿಜವಾಗಿ ಒಟ್ಟಿಗೆ ದುಡಿಯುವುದನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮ ಚೆನ್ನಮ್ಮ ವೃತ್ತದಲ್ಲಿ ಪ್ರತಿಭಟನೆ ನಡೆದಾಗ ಸುದ್ದಿವಾಹಿನಿಯ ಕ್ಯಾಮೆರಾಮನ್ ಬೆನ್ನಿಗೆ ಹಾಕಿಕೊಂಡಿರುವ ಕಪ್ಪು ಚೀಲವನ್ನು ಗಮನಿಸಿ. ಅವರು ಅದನ್ನು ಬ್ಯಾಕ್‌ಪ್ಯಾಕ್ ಎಂದೇ ಕರೆಯುತ್ತಾರೆ. ಅದರೊಳಗೆ ಹಲವು ಮೋಡೆಮ್‌ಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ಸಿಮ್, ಅವೂ ಬೇರೆಬೇರೆ ಕಂಪನಿಗಳವು. ಕ್ಯಾಮೆರಾದಿಂದ ಬಂದ ಚಿತ್ರವನ್ನು ಯಂತ್ರ ಕುಗ್ಗಿಸಿ, ತುಂಡು ಮಾಡಿ, ಆ ಕ್ಷಣದಲ್ಲಿ ಯಾವ ಸಿಮ್ ಎಷ್ಟು ಹೊರಬಲ್ಲದು ಎಂದು ಅಳೆದು ಹಂಚುತ್ತದೆ. ಸ್ಟುಡಿಯೊದಲ್ಲಿರುವ ಸರ್ವರ್ ಆ ತುಂಡುಗಳನ್ನು ಕ್ರಮವಾಗಿ ಜೋಡಿಸಿ ಮತ್ತೆ ಚಿತ್ರ ಮಾಡುತ್ತದೆ. ತಡವಾಗಿ ಬರುವ ತುಂಡುಗಳಿಗಾಗಿ ಕೊಂಚ ಕಾಯಬೇಕಾಗುವುದರಿಂದಲೇ ನಿರೂಪಕಿ ಪ್ರಶ್ನೆ ಕೇಳಿದ ಮೇಲೆ ವರದಿಗಾರ ಸ್ವಲ್ಪ ಹೊತ್ತು ತಲೆಯಾಡಿಸುತ್ತಾ ನಿಂತಿರುವುದು ನಮಗೆ ಕಾಣುತ್ತದೆ. ಹಿಂದೆ ಈ ಕೆಲಸಕ್ಕೆ ತಲೆಯ ಮೇಲೆ ಡಿಶ್ ಹೊತ್ತ ಓಬಿ ವ್ಯಾನ್ ಬರಬೇಕಿತ್ತು.

ಈ ಚೀಲವನ್ನು ಮೊಬೈಲ್ ಕಂಪನಿಯ ಕಣ್ಣಿನಿಂದ ನೋಡಿದರೆ ನನ್ನ ವಿಷಯದ ತಿರುಳು ಸಿಗುತ್ತದೆ. ಕಂಪನಿಯ ಲೆಕ್ಕದಲ್ಲಿ ಅಲ್ಲೊಬ್ಬ ಗ್ರಾಹಕನಿದ್ದಾನೆ, ರಿಚಾರ್ಜ್ ಆಗಿದೆ, ಡೇಟಾ ಹೋಗುತ್ತಿದೆ. ಆದರೆ ಆ ಚಿತ್ರದಲ್ಲಿ ತನ್ನ ಪಾಲೆಷ್ಟು, ಎದುರಾಳಿಯ ಪಾಲೆಷ್ಟು ಎಂಬುದು ಅದಕ್ಕೆ ಗೊತ್ತಿಲ್ಲ. ತನ್ನ ಜಾಲ ನಿಧಾನವಾದರೆ ಗ್ರಾಹಕ ದೂರು ಕೊಡುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಯಂತ್ರವೇ ಮುಂದಿನ ತುಂಡನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ಕಟ್ಟಿದ ಹೆಸರು, ಜಾಹೀರಾತು, ನಿಷ್ಠೆ ಇವೆಲ್ಲ ಆ ಚೀಲದ ಒಳಗೆ ಕೆಲಸಕ್ಕೆ ಬರುವುದಿಲ್ಲ. ಇದೇ ಬಗೆಯ ಏರ್ಪಾಟು ಸಣ್ಣ ಪ್ರಮಾಣದಲ್ಲಿ ಸಾರ್ವಜನಿಕ ಸಾರಿಗೆ ವಾಹನಗಳಲ್ಲೂ ಇದೆ. ವಾಹನ ಎಲ್ಲಿದೆ ಎಂದು ತಿಳಿಸುವ, ಎಐಎಸ್-140 ಎಂಬ ಮಾನದಂಡದ ಟ್ರ್ಯಾಕರ್‌ನೊಳಗೆ ಬೆಸೆದಿರುವ ಸಿಮ್‌ನಲ್ಲಿ ಸಾಮಾನ್ಯವಾಗಿ ಎರಡು ಕಂಪನಿಗಳ ಪ್ರೊಫೈಲ್, ಅಂದರೆ ಅವುಗಳ ಜಾಲಕ್ಕೆ ಸೇರಲು ಬೇಕಾದ ಗುರುತಿನ ವಿವರ, ಇರುತ್ತದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೊರಟ ವಾಹನ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಒಂದರ ಸಿಗ್ನಲ್ ಹೋದರೆ ಇನ್ನೊಂದನ್ನು ಹಿಡಿಯಲು ಟ್ರ್ಯಾಕರ್ ಚಾಲಕನನ್ನು ಕೇಳುವುದಿಲ್ಲ.

ಇದೇ ತತ್ವ ಎಲ್ಲರ ಫೋನಿಗೆ ಬಂದರೆ? ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದೊಂದು ಲಾಟಿಗೂ ಟೆಂಡರ್ ಹಾಕುವಂತೆ, ಫೋನು ಕಳುಹಿಸುವ ಪ್ರತಿ ಕಂತು ಡೇಟಾಕ್ಕೂ ಕಂಪನಿಗಳು ದರ ಹೇಳಬೇಕಾದ ಸ್ಥಿತಿ ಬರುತ್ತದೆ. ಇದು ನನ್ನ ಕಲ್ಪನೆಯಲ್ಲ. ಸುಮಾರು ಎರಡು ದಶಕಗಳ ಹಿಂದೆಯೇ ಆಪಲ್ ಕಂಪನಿ, ಹಲವು ಜಾಲಗಳಿಂದ ದರ ತರಿಸಿಕೊಂಡು ಫೋನು ತನಗೆ ಬೇಕಾದದ್ದನ್ನು ಆರಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿತ್ತು. 2014ರಲ್ಲಿ ಐಪ್ಯಾಡ್ ಜೊತೆ ಅದು ಆಪಲ್ ಸಿಮ್ ಎಂಬುದನ್ನು ತಂದಿತು. ಒಂದೇ ಸಿಮ್, ಪರದೆಯ ಮೇಲೆ ಬೇಕಾದ ಕಂಪನಿಯ ಆಯ್ಕೆ. ಅಮೆರಿಕದ ವೆರೈಜನ್ ಅದರಲ್ಲಿ ಸೇರಲೇ ಇಲ್ಲ. ಎಟಿ ಅಂಡ್ ಟಿ ಸೇರಿತು, ಆದರೆ ಒಮ್ಮೆ ತನ್ನನ್ನು ಆರಿಸಿದ ಮೇಲೆ ಆ ಸಿಮ್ ಬೇರೆಯವರಿಗೆ ದಕ್ಕದಂತೆ ಬೀಗ ಹಾಕಿತು. 2015ರಲ್ಲಿ ಗೂಗಲ್ ಪ್ರಾಜೆಕ್ಟ್ ಫೈ ಶುರು ಮಾಡಿ ಸ್ಪ್ರಿಂಟ್ ಮತ್ತು ಟಿ-ಮೊಬೈಲ್ ಎರಡೂ ಜಾಲಗಳ ಸಗಟು ಡೇಟಾ ಕೊಂಡು, ಫೋನೇ ಅವುಗಳ ನಡುವೆ ಮತ್ತು ವೈ-ಫೈ ನಡುವೆ ಜಿಗಿಯುವಂತೆ ಮಾಡಿತು. ಒಂದು ಜಿಬಿಗೆ ಹತ್ತು ಡಾಲರ್, ಬಳಸದ ಡೇಟಾದ ಹಣ ವಾಪಸು. ಗಮನಿಸಿ, ಇದಕ್ಕೆ ಬೇಕಾದ ಸಗಟು ಡೇಟಾ ಮಾರಿದವು ಅಲ್ಲಿನ ಮೂರನೇ ಮತ್ತು ನಾಲ್ಕನೇ ಸ್ಥಾನದ ಕಂಪನಿಗಳು. ಮೇಲಿನ ಎರಡು ಸ್ಥಾನದವರಿಗೆ ಅದರ ಅಗತ್ಯವಿರಲಿಲ್ಲ.

ಸಿಮ್ ಎಂಬ ಗೂಟದ ಸುತ್ತ ನಡೆದ ಹೋರಾಟದ ಅತ್ಯಂತ ಸ್ಪಷ್ಟ ದಾಖಲೆ ಇರುವುದೂ ಅಮೆರಿಕದಲ್ಲೇ. ಫೋನಿನೊಳಗೇ ಬೆಸೆದಿರುವ ಇ-ಸಿಮ್ ಬಂದಾಗ ಅದರ ನಿಯಮಗಳನ್ನು ಬರೆದದ್ದು ಮೊಬೈಲ್ ಕಂಪನಿಗಳ ಜಾಗತಿಕ ಸಂಘಟನೆ ಜಿಎಸ್‌ಎಂಎ. ಆ ನಿಯಮಗಳ ಕೆಲವು ಅಂಶಗಳು ಸ್ಪರ್ಧೆಯನ್ನು ಕಟ್ಟಿಹಾಕುವಂತಿವೆ, ಒಂದೇ ಇ-ಸಿಮ್ ಹಲವು ಕಂಪನಿಗಳ ಪ್ರೊಫೈಲನ್ನು ಏಕಕಾಲಕ್ಕೆ ಬಳಸದಂತೆ ತಡೆಯುವುದೂ ಅವುಗಳಲ್ಲಿ ಒಂದು ಎಂದು ಅಮೆರಿಕದ ನ್ಯಾಯ ಇಲಾಖೆ ತನಿಖೆ ನಡೆಸಿತು. 2019ರ ನವೆಂಬರ್‌ನಲ್ಲಿ ಸಂಘಟನೆ ತನ್ನ ನಿಯಮ ರೂಪಿಸುವ ಪದ್ಧತಿಯನ್ನೇ ಬದಲಿಸಲು ಒಪ್ಪಿದ ಮೇಲೆ ತನಿಖೆ ಮುಗಿಯಿತು. ಹಲವು ದಾರಿಗಳ ಫೋನು ತಮಗೆ ಅಪಾಯವೆಂದು ಕಂಪನಿಗಳಿಗೆ ಯಾರೂ ಉಪನ್ಯಾಸ ಕೊಟ್ಟು ಹೇಳಬೇಕಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ, ಏಕೆಂದರೆ ಇಲ್ಲಿಯ ಕಥೆ ಅಮೆರಿಕದ ಕಥೆಯಲ್ಲ. ಅಲ್ಲಿ ಒಂದು ಫೋನಿಗೆ ಒಂದು ಕಂಪನಿ ಎಂಬುದು ದಶಕಗಳ ರೂಢಿ. ಇಲ್ಲಿ ಎರಡು ಸಿಮ್ ಫೋನು ಬಂದದ್ದೇ ಜನರ ಲೆಕ್ಕಾಚಾರದಿಂದ. ಒಂದರಲ್ಲಿ ಕರೆ ಅಗ್ಗ, ಇನ್ನೊಂದರಲ್ಲಿ ಡೇಟಾ ಅಗ್ಗ, ಊರಿಗೆ ಹೋದರೆ ಒಂದಕ್ಕೇ ಸಿಗ್ನಲ್. ಯಂತ್ರ ಮಾಡಬೇಕಾದ ಆಯ್ಕೆಯನ್ನು ನಮ್ಮ ಜನ ಬೆರಳಿನಿಂದಲೇ ಮಾಡುತ್ತಿದ್ದರು. 2011ರ ಜನವರಿಯಲ್ಲಿ, ಹಳೆಯ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ನಂಬರ್ ಪೋರ್ಟಿಂಗ್ ದೇಶಾದ್ಯಂತ ಜಾರಿಯಾಗಿ ನಂಬರಿನ ಗೂಟವೂ ಸಡಿಲವಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಾಗ ಕೋಟ್ಯಂತರ ಜನ ಹಳೆಯ ಸಿಮ್ ತೆಗೆಯದೆ, ಎರಡನೇ ಜಾಗದಲ್ಲಿ ಹೊಸದನ್ನು ಹಾಕಿಕೊಂಡರು. ಹಳೆಯ ಕಂಪನಿಗಳಿಗೆ ಉಳಿದದ್ದು ರಿಚಾರ್ಜ್ ಮಾಡದ, ಒಳಬರುವ ಕರೆಗೆ ಮಾತ್ರ ಜೀವಂತವಾಗಿದ್ದ ಸಿಮ್‌ಗಳು.

ಅವರು ಕೊಟ್ಟ ಉತ್ತರ ಎಂಜಿನಿಯರುಗಳದ್ದಲ್ಲ, ಲೆಕ್ಕಿಗರದ್ದು. 2018ರ ಕೊನೆಯಲ್ಲಿ ಸಿಮ್ ಜೀವಂತವಿರಬೇಕಾದರೆ 28 ದಿನಕ್ಕೆ ಕನಿಷ್ಠ 35 ರೂಪಾಯಿಯ ರಿಚಾರ್ಜ್ ಆಗಲೇಬೇಕೆಂಬ ಪ್ಯಾಕ್‌ಗಳು ಬಂದವು. ಅಲ್ಲಿಂದಾಚೆಗೆ ನಾವು ಕೊಳ್ಳುತ್ತಿರುವ ಸರಕು ಡೇಟಾಕ್ಕಿಂತ ಹೆಚ್ಚಾಗಿ ವ್ಯಾಲಿಡಿಟಿ. 28 ದಿನದ ತಿಂಗಳಿನಿಂದ ವರ್ಷಕ್ಕೆ ಹದಿಮೂರು ರಿಚಾರ್ಜ್ ಆಗುತ್ತವೆ ಎಂಬ ದೂರು ಎಲ್ಲರಿಗೂ ಗೊತ್ತಿರುವಂಥದ್ದೇ. 30 ದಿನದ ಪ್ಯಾಕ್ ಕೂಡ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಬೇಕಾಯಿತು. ಈ ಬೆಲೆಯ ಕಟ್ಟಡವನ್ನು ಸ್ವಲ್ಪ ಬಗ್ಗಿ ನೋಡಿ. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ, ಹಣ ಮುಂಗಡ, ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹೀಗಿದ್ದಾಗ ಫೋನು ಎಷ್ಟೇ ಬುದ್ಧಿವಂತವಾಗಿದ್ದರೂ ದರ ಹೋಲಿಸಿ ಆರಿಸಲು ಅಲ್ಲಿ ದರವೇ ಇರುವುದಿಲ್ಲ; ಎರಡೂ ಸಿಮ್‌ಗೆ ದುಡ್ಡು ಆಗಲೇ ಕಟ್ಟಿಯಾಗಿದೆ. ಅಮೆರಿಕದಲ್ಲಿ ಒಂದು ಜಿಬಿಗೆ ಹತ್ತು ಡಾಲರ್ ಇದ್ದ ಕಾಲಕ್ಕೆ ಹೆದರಿಕೆ ಹುಟ್ಟಿಸಿದ ತಂತ್ರಜ್ಞಾನ ನಮ್ಮಲ್ಲಿ ಹಲ್ಲು ಕಿತ್ತ ಹಾವಾದದ್ದು ಈ ವ್ಯಾಲಿಡಿಟಿಯಿಂದ. ಇನ್ನು ಉಳಿಯುವುದು ಗುಣಮಟ್ಟದ ಆಯ್ಕೆ ಮಾತ್ರ, ಮತ್ತು ಅದಕ್ಕೆ ಗ್ರಾಹಕ ಎರಡು ಕಡೆ ಪೂರ್ತಿ ಹಣ ಕಟ್ಟಬೇಕು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಅನೇಕರು ಬಿಎಸ್ಎನ್ಎಲ್ ಕಡೆ ತಿರುಗಿದರು. ಅದೂ ಬೆರಳಿನಿಂದ ಮಾಡಿದ ಆಯ್ಕೆಯೇ, ಯಂತ್ರದ್ದಲ್ಲ.

ನಂಬರಿನ ಗೂಟ ಪೋರ್ಟಿಂಗ್‌ನಿಂದ ಸಡಿಲವಾಯಿತು ಎಂದೆ. ಅದು ಬೇರೆ ದಾರಿಯಿಂದ ಮತ್ತೆ ಬಿಗಿಯಾಗಿದೆ. ಬ್ಯಾಂಕಿನ ಓಟಿಪಿ, ಆಧಾರ್ ಜೋಡಣೆ, ಗ್ಯಾಸ್ ಬುಕಿಂಗ್ ಎಲ್ಲವೂ ಒಂದು ನಂಬರಿಗೆ ಕಟ್ಟಿಕೊಂಡಿವೆ. ಯುಪಿಐ ಆ್ಯಪ್ ಹಾಕುವಾಗ ನಿಮ್ಮ ಸಿಮ್‌ನಿಂದಲೇ ಒಂದು ಎಸ್ಎಂಎಸ್ ಹೋಗಿ ಆ ಫೋನಿಗೂ ನಂಬರಿಗೂ ಗಂಟು ಹಾಕುತ್ತದೆ. ಡೇಟಾ ಯಾವ ದಾರಿಯಿಂದಾದರೂ ಹೋಗಲಿ, ನೀವು ಯಾರು ಎಂಬುದಕ್ಕೆ ಸಾಕ್ಷಿ ಹೇಳುವ ಅಧಿಕಾರ ಸಿಮ್ ಕೊಟ್ಟ ಕಂಪನಿಯಲ್ಲೇ ಉಳಿದಿದೆ. ನನ್ನ ಅಂದಾಜಿನಲ್ಲಿ ಮೂರು ಗೂಟಗಳಲ್ಲಿ ಕೊನೆಗೆ ಕೀಳುವುದು ಇದೇ.

ಗ್ರಾಹಕನ ಪರ ಇಷ್ಟು ಹೇಳಿದ ಮೇಲೆ ಟವರ್ ಕಟ್ಟಿದವರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. 2022ರ ತರಂಗಗುಚ್ಛ (ಸ್ಪೆಕ್ಟ್ರಮ್) ಹರಾಜಿನಲ್ಲಿ ಕಂಪನಿಗಳು ಒಟ್ಟು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ಕೂಗಿದವು. ಎಲ್ಲ ಫೋನುಗಳೂ ಎಲ್ಲ ಜಾಲಗಳ ಮೇಲೆ ಜಿಗಿಯಬಲ್ಲವಾದರೆ, ಗದಗ ಜಿಲ್ಲೆಯ ಮೂಲೆಯ ಹಳ್ಳಿಗೆ ಟವರ್ ಹಾಕಿದ ಕಂಪನಿಯ ಹೂಡಿಕೆಯ ಲಾಭ ಟವರ್ ಹಾಕದವನ ಗ್ರಾಹಕನಿಗೂ ಸಿಗುತ್ತದೆ; ಹಾಗಾದರೆ ಮುಂದಿನ ಹಳ್ಳಿಗೆ ಯಾರು ಹಾಕುತ್ತಾರೆ? ಒಬ್ಬರ ಟವರ್ ಬಳಸಲು ಇನ್ನೊಬ್ಬರು ಕೊಡಬೇಕಾದ ಸಗಟು ದರ ಸರಿಯಾಗಿ ನಿಗದಿಯಾದರೆ ಇದಕ್ಕೆ ಪರಿಹಾರವಿದೆ. 2025ರ ಜನವರಿಯಲ್ಲಿ ಸರ್ಕಾರಿ ನಿಧಿಯಿಂದ ಕಟ್ಟಿದ 4ಜಿ ಟವರ್‌ಗಳಲ್ಲಿ ಬೇರೆಬೇರೆ ಕಂಪನಿಗಳ ಗ್ರಾಹಕರೂ ಸಿಗ್ನಲ್ ಪಡೆಯುವ ವ್ಯವಸ್ಥೆಗೆ ಚಾಲನೆ ಕೊಟ್ಟದ್ದು ಆ ದಿಕ್ಕಿನ ಹೆಜ್ಜೆ. ಆದರೆ ಅಲ್ಲಿ ಹಣ ಸಾರ್ವಜನಿಕರದ್ದು ಎಂಬುದನ್ನು ಮರೆಯಬಾರದು.

ಹಲವು ದಾರಿಗಳಿದ್ದರೆ ಸಂಪರ್ಕ ಕಡಿಯುವುದೇ ಇಲ್ಲ ಎಂಬ ನಂಬಿಕೆಯನ್ನೂ ಸ್ವಲ್ಪ ಕೆದಕಬೇಕು. ದಾರಿಗಳು ನಿಜಕ್ಕೂ ಬೇರೆಬೇರೆಯಾಗಿದ್ದರೆ ಮಾತ್ರ ಅದು ಸತ್ಯ. ಏರ್‌ಟೆಲ್ ಮತ್ತು ವಿಐ (ವೊಡಾಫೋನ್ ಐಡಿಯಾ) ಎರಡೂ ಅನೇಕ ಕಡೆ ಟವರ್ ಬಾಡಿಗೆಗೆ ಕೊಡುವ ಇಂಡಸ್ ಟವರ್ಸ್‌ನ ಒಂದೇ ಕಂಬದ ಮೇಲೆ ತಮ್ಮ ಆ್ಯಂಟೆನಾ ಕಟ್ಟಿರುತ್ತವೆ. ಕಂಬದ ಕೆಳಗಿನ ಬ್ಯಾಟರಿ ಇಳಿದರೆ ಎರಡೂ ಹೋಗುತ್ತವೆ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಗುಂಡಿ ತೋಡಿದಾಗ ಅದೇ ಬದಿಯಲ್ಲಿ ಹಾದುಹೋದ ಎಲ್ಲರ ಫೈಬರೂ ಕತ್ತರಿಸಿಕೊಳ್ಳುತ್ತವೆ. ಫೋನಿನ ಪರದೆಯ ಮೇಲೆ ಎರಡು ಕಂಪನಿಯ ಹೆಸರಿದ್ದರೂ ನೆಲದೊಳಗೆ ಇದ್ದದ್ದು ಒಂದೇ ಕಾಲುವೆ. ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಪ್ರತಿಯೊಬ್ಬರೂ ಫೋನೆತ್ತಿ ವಿಡಿಯೊ ಕಳುಹಿಸತೊಡಗಿದರೆ ಎಲ್ಲ ಕಂಪನಿಗಳೂ ಏಕಕಾಲಕ್ಕೆ ಬಸವಳಿಯುತ್ತವೆ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿದು ಫಲವಿಲ್ಲ. ಅಷ್ಟೇ ಅಲ್ಲ, ಪ್ರತಿ ಕಂಪನಿಯೂ ತನ್ನ ಗ್ರಾಹಕರು ಇಷ್ಟು ಎಂದು ಎಣಿಸಿ ಟವರಿನ ಸಾಮರ್ಥ್ಯ ನಿರ್ಧರಿಸುತ್ತದೆ. ಒಂದು ಜಾಲ ಕೈಕೊಟ್ಟಾಗ ಅದರ ಎಲ್ಲ ಫೋನುಗಳೂ ಪಕ್ಕದ ಜಾಲದ ಮೇಲೆ ಬಿದ್ದರೆ ಅದೂ ಕುಸಿಯುತ್ತದೆ.

ಕಂಪನಿಗಳು ಕೈಕಟ್ಟಿ ಕೂತಿಲ್ಲ. ದಕ್ಷಿಣ ಕೊರಿಯಾದ ಕೆಟಿ ಎಂಬ ಮೊಬೈಲ್ ಕಂಪನಿ 2015ರಲ್ಲೇ ಮಲ್ಟಿಪಾತ್ ಟಿಸಿಪಿ ಬಳಸಿ ತನ್ನದೇ ವೈ-ಫೈ ಮತ್ತು ತನ್ನದೇ 4ಜಿಯನ್ನು ಕೂಡಿಸಿ ಗಿಗಾ ಎಲ್‌ಟಿಇ ಎಂದು ಮಾರಿತು. 5ಜಿ ಮಾನದಂಡದ 16ನೇ ಬಿಡುಗಡೆಯಲ್ಲಿ ಎಟಿಎಸ್‌ಎಸ್‌ಎಸ್ ಎಂಬ ವ್ಯವಸ್ಥೆ ಸೇರಿದೆ. ಅಲ್ಲಿಯೂ ಫೋನು ಮೊಬೈಲ್ ಜಾಲ ಮತ್ತು ವೈ-ಫೈ ಎರಡನ್ನೂ ಹಿಡಿಯುತ್ತದೆ, ಆದರೆ ಯಾವ ಸಂಚಾರ ಯಾವ ದಾರಿಯಲ್ಲಿ ಹೋಗಬೇಕೆಂಬ ನಿಯಮ ಬರುವುದು ಕಂಪನಿಯ ಕೇಂದ್ರದಿಂದ, ಎರಡೂ ದಾರಿಗಳು ಸೇರುವುದೂ ಕಂಪನಿಯ ಅಂಗಳದಲ್ಲೇ. ವಿದ್ಯೆ ಒಂದೇ, ಕಡಿವಾಣ ಹಿಡಿಯುವ ಕೈ ಬೇರೆ.

ಆ ಕೈ ಫೋನಿನ ಕಡೆ ಬಂದರೆ ಅದು ನಿಮ್ಮದೋ ನನ್ನದೋ ಆಗುತ್ತದೆಂದು ನಾನು ನಂಬುವುದಿಲ್ಲ. ಯಾವ ಆ್ಯಪಿಗೆ ಯಾವ ದಾರಿ, ವೈ-ಫೈಯನ್ನು ಯಾವಾಗ ಬಿಡಬೇಕು ಎಂಬುದನ್ನೆಲ್ಲ ಬರೆಯುವವರು ಆಂಡ್ರಾಯ್ಡ್ ಮತ್ತು ಐಒಎಸ್ ಮಾಡುವ ಎರಡು ಕಂಪನಿಗಳು. ನಮ್ಮಲ್ಲಿ ಮೊಬೈಲ್ ಕಂಪನಿಗಳಾದರೂ ಬಿಎಸ್ಎನ್ಎಲ್ ಸೇರಿ ನಾಲ್ಕಿವೆ, ಅವುಗಳ ಮೇಲೆ ಟ್ರಾಯ್ ಇದೆ. ಫೋನಿನೊಳಗಿನ ಆಯ್ಕೆಯ ಮೇಲೆ ಅಂತಹ ನಿಗಾ ಯಾವುದೂ ಇಲ್ಲ. ಅಮೆರಿಕದಲ್ಲಿ ಮಾರುವ, 2022ರ ಐಫೋನ್ 14 ಮತ್ತು ಅದರ ನಂತರ ಬಂದ ಐಫೋನ್‌ಗಳಲ್ಲಿ ಸಿಮ್ ಹಾಕುವ ಕಿಂಡಿಯನ್ನೇ ತೆಗೆದಿದ್ದಾರೆ. ಯಾವ ಕಂಪನಿಯ ಹೆಸರು ಪರದೆಯ ಮೇಲೆ ಮೊದಲು ಕಾಣಬೇಕೆಂದು ತೀರ್ಮಾನಿಸುವವರ ಬಳಿಗೆ ಮುಂದೊಂದು ದಿನ ಮೊಬೈಲ್ ಕಂಪನಿಗಳೇ ಅರ್ಜಿ ಹಿಡಿದು ಹೋಗಬೇಕಾದೀತು. ಬಳಕೆದಾರ ಬಯಸಿದರೆ ದಾರಿಯ ನಿಯಮವನ್ನು ತಾನೇ ಬರೆಯಬಹುದಾದ ಸೌಲಭ್ಯ ಫೋನಿನಲ್ಲಿ ಕಡ್ಡಾಯವಾಗಬೇಕು ಎಂಬುದು ನನ್ನ ಬೇಡಿಕೆ. ವ್ಯಾಲಿಡಿಟಿಯ ಬೆಲೆಯನ್ನು ಡೇಟಾದ ಬೆಲೆಯಿಂದ ಬಿಡಿಸಿ ತೋರಿಸಬೇಕು ಎಂಬುದು ಇನ್ನೊಂದು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದದ್ದು ಎರಡನೆಯದರ ಅರ್ಧ ಭಾಗ.

ಪ್ರಶ್ನೋತ್ತರದ ವೇಳೆಯಲ್ಲಿ ದುರ್ಗದ ಬೈಲಿನ ವ್ಯಾಪಾರಿಯೊಬ್ಬರು ಎದ್ದು ನಿಂತು, "ಸರ, ಇಷ್ಟೆಲ್ಲಾ ಹೇಳಿದ್ರಿ, ಎರಡನೇ ಸಿಮ್ಮಿಗೆ ರೊಕ್ಕ ಹಾಕೂದು ಇಟಗೋಬೇಕೋ ಬಿಡಬೇಕೋ, ಅದನ್ನ ಹೇಳ್ರಿ" ಎಂದರು. ಆ ನಂಬರಿಗೆ ಬ್ಯಾಂಕ್ ಜೋಡಿಸಿದ್ದೀರಾ ಎಂದು ಕೇಳಿದೆ, ಇಲ್ಲವೆಂದರು. ಕರೆಂಟ್ ಹೋಗಿ ಬಹಳ ಹೊತ್ತಾದಾಗ ಎರಡೂ ಸಿಮ್‌ಗಳ ಸಿಗ್ನಲ್ ಕೂಡಿಯೇ ಹೋಗುತ್ತದೆಯೋ, ಹಿಂದೆ ಮುಂದೆ ಹೋಗುತ್ತದೆಯೋ ಎಂದೆ. "ಕೂಡೇ ಹೋಗ್ತಾವ್ರಿ" ಎಂದರು. ಹಾಗಿದ್ದರೆ ಎರಡೂ ಒಂದೇ ಕಂಬದ ಮೇಲಿರುವ ಸಂಭವ ಹೆಚ್ಚು, ಈಗ ಹಾಕುತ್ತಿರುವ ಹಣದಿಂದ ನಿಮಗೆ ಎರಡನೇ ದಾರಿ ಸಿಗುತ್ತಿಲ್ಲ ಎಂದು ಹೇಳಿದೆ. ಅಕ್ಕಪಕ್ಕದ ಅಂಗಡಿಗಳಲ್ಲಿ ಆ ಹೊತ್ತಿನಲ್ಲೂ ಯಾವ ಕಂಪನಿಯ ಸಿಗ್ನಲ್ ಉಳಿಯುತ್ತದೆಂದು ವಿಚಾರಿಸಿ ಎರಡನೇ ನಂಬರನ್ನು ಅಲ್ಲಿಗೆ ಒಯ್ಯಿರಿ. ಅದೇ ಸಿಮ್‌ನಿಂದ 1900ಕ್ಕೆ ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಜಾಗ ಬಿಟ್ಟು ನಿಮ್ಮ ನಂಬರ್ ಬರೆದು ಕಳುಹಿಸಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ, ಅದನ್ನು ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋದರಾಯಿತು.